ರಿಸೀವರ್ ಟೇಬಲ್ ಮೇಲೆ ಮಲಗಿಸುವುದು ನಿಂತ ಕಥೆ

ಹುಬ್ಬಳ್ಳಿಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸು. ಮೂರು ಲ್ಯಾಂಡ್‌ಲೈನು, ಹದಿನಾಲ್ಕು ಎಕ್ಸ್‌ಟೆನ್ಷನ್ನು. ಹಿಂದೆ ದೊಡ್ಡ ಗೋದಾಮು, ಅದರಾಚೆ ಲಾರಿ ನಿಲ್ಲುವ ಅಂಗಳ. ಫೋನ್ ಬರುವುದು ಮುಂದಿನ ಬುಕಿಂಗ್ ಕೌಂಟರಿಗೆ. ಉತ್ತರ ಗೊತ್ತಿರುವವನು ಅಂಗಳದಲ್ಲಿ ಲೋಡಿಂಗ್ ನೋಡುತ್ತಿರುತ್ತಾನೆ. ಕೌಂಟರಿನ ಅಕ್ಕ ರಿಸೀವರನ್ನು ಟೇಬಲ್ ಮೇಲೆ ಮಲಗಿಸಿ ಹುಡುಗನನ್ನು ಓಡಿಸುತ್ತಿದ್ದರು. ಅಷ್ಟು ಹೊತ್ತೂ ಒಂದು ಲೈನ್ ಸುಮ್ನೆ ಬಿದ್ದಿರುತ್ತಿತ್ತು. ಮೂರರಲ್ಲಿ ಎರಡು ಹಾಗೆ ಬಿದ್ದರೆ ಮುಗಿಯಿತು, ಹೊಸ ಬುಕಿಂಗ್ ಬೇರೆಯವರಿಗೆ ಹೋಯಿತು.

ಅಲ್ಲಿದ್ದ ಹಳೇ ಇಪಿಎಬಿಎಕ್ಸ್ ಅನ್ನು, ಅಂದರೆ ಆಫೀಸಿನೊಳಗಿನ ಟೆಲಿಫೋನ್ ಎಕ್ಸ್‌ಚೇಂಜನ್ನು, ಏಳೆಂಟು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೆ. ಟ್ರಾನ್ಸ್‌ಫರ್ ಬಿಟ್ಟರೆ ಬೇರೆ ಯಾವ ಸೌಲಭ್ಯವನ್ನೂ ಅಲ್ಲಿ ಯಾರೂ ಮುಟ್ಟಿರಲಿಲ್ಲ. 2020ರ ದೀಪಾವಳಿಯ ಹೊತ್ತಿಗೆ ಅದರ ಪವರ್ ಸಪ್ಲೈ ಹೋಯಿತು. ಬೇರೆ ಒಬ್ಬ ಡೀಲರ್ ಬಂದು, ಎಲ್ಲ ಕಿತ್ತು ಹಾಕಿ ಹೊಸ ಕೇಬಲ್ ಎಳೆದು ಐಪಿ ಫೋನ್ (ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ನಡೆಯುವ ಫೋನ್) ಹಾಕಬೇಕು, ಹತ್ತಿರ ಹತ್ತಿರ 2.4 ಲಕ್ಷ ಆಗುತ್ತದೆ ಅಂದರು. ಹಳೇ ವೈರು, ಹಳೇ ಸೆಟ್ಟು ಇಟ್ಟುಕೊಂಡೇ, ಎಕ್ಸ್‌ಚೇಂಜನ್ನು ಒಂದು ಕಂಪ್ಯೂಟರಿನಲ್ಲಿ ಓಡಿಸಿ, ಕಾಲ್ ಪಾರ್ಕ್ (ಕಾಲನ್ನು ಒಂದು ನಂಬರಿನಲ್ಲಿ ನಿಲ್ಲಿಸಿ ಬೇರೆ ಫೋನಿನಿಂದ ಎತ್ತುವುದು), ಪಿಕಪ್ (ಬೇರೆ ಫೋನಿಗೆ ಬಂದ ರಿಂಗನ್ನು ನಮ್ಮ ಫೋನಿನಿಂದ ಎತ್ತುವುದು), ಕ್ಯೂ (ಕಾಲ್‌ಗಳನ್ನು ಸಾಲಿನಲ್ಲಿ ಕಾಯಿಸುವುದು) ಎಲ್ಲ ಕೊಡುತ್ತೇನೆ ಅಂತ ನಾನು ಹೇಳಿದೆ. ಲಾರಿ ಅಂಗಳದ ಧೂಳಿನಲ್ಲಿ ಕಂಪ್ಯೂಟರ್ ಮೇಲೆ ಎಕ್ಸ್‌ಚೇಂಜ್ ಓಡಿಸಿದರೆ ಆರು ತಿಂಗಳೂ ಬಾಳುವುದಿಲ್ಲ ಅಂತ ಆ ಡೀಲರ್ ಸಾಹುಕಾರರ ಎದುರಿಗೇ ಹೇಳಿದರು. ಸಾಹುಕಾರರು ನನ್ನ ಕಡೆ ತಿರುಗಿ, "ಖರೇನ ನಡೀತೈತೇನ್ರೀ ಇದು?" ಅಂದರು.

ಧೂಳಿನ ಮಾತು ನನಗೆ ಚುಚ್ಚಿತು. ನಮ್ಮ ಕಿತ್ತೂರಿನಲ್ಲೇ ಅಲ್ವಾ 1986ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ ಹಳ್ಳಿ ಎಕ್ಸ್‌ಚೇಂಜ್ ಶುರುವಾಗಿದ್ದು? 128 ಪೋರ್ಟಿನ ಆ ಪೆಟ್ಟಿಗೆಯನ್ನು ಎಸಿ ಇಲ್ಲದೆ, ಧೂಳು ಬಿಸಿಲಿನಲ್ಲಿ ನಡೆಯಲಿ ಅಂತಲೇ ಮಾಡಿದ್ದರು. ಧೂಳಿಗೆ ಹೆದರುವುದು ಫ್ಯಾನು. ಹಾಗಾಗಿ ಫ್ಯಾನ್ ಇಲ್ಲದ ಸಣ್ಣ ಸೆಕೆಂಡ್ ಹ್ಯಾಂಡ್ ಪಿಸಿ ಹುಡುಕಿದೆ. ಎಸ್‌ಎಸ್‌ಡಿ ಸೇರಿ ಸುಮಾರು 7,500 ಬಿತ್ತು. ಹೊರಗಿನ ಲೈನುಗಳನ್ನು ಪಿಸಿಗೆ ಸೇರಿಸುವ ನಾಲ್ಕು ಪೋರ್ಟಿನ ಎಫ್‌ಎಕ್ಸ್‌ಒ ಗೇಟ್‌ವೇ ಹೊಸದು, ಹನ್ನೆರಡು ಸಾವಿರದ ಆಸುಪಾಸು. ಒಳಗಿನ ಸೆಟ್ಟುಗಳನ್ನು ಸೇರಿಸುವ ಹದಿನಾರು ಪೋರ್ಟಿನ ಎಫ್‌ಎಕ್ಸ್‌ಎಸ್ ಗೇಟ್‌ವೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯದು ಸಿಕ್ಕಿತು, ಚೌಕಾಸಿ ಮಾಡಿ 17 ಸಾವಿರಕ್ಕೆ ತಂದೆ. ಪಿಸಿಯಲ್ಲಿ ಆಸ್ಟರಿಸ್ಕ್ ಅನ್ನುವ ಉಚಿತ ಎಕ್ಸ್‌ಚೇಂಜ್ ಸಾಫ್ಟ್‌ವೇರ್, ಮೇಲೆ ಅದರ ಸೆಟ್ಟಿಂಗ್ ಮಾಡುವ ಫ್ರೀಪಿಬಿಎಕ್ಸ್. ಇನ್‌ಸ್ಟಾಲ್ ಮಾಡುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ಎರಡನೇ ರಾತ್ರಿಯೇ ಪೆಟ್ಟು ಬಿತ್ತು. ಬೆಳಗ್ಗೆ ಏಳಕ್ಕೆ ಸಾಹುಕಾರರ ಫೋನು. ಮೂರೂ ಲೈನ್ ಬಿಜಿ, ರಾತ್ರಿಯಿಂದ ಒಂದೂ ಕಾಲ್ ಬಂದಿಲ್ಲ. ಹೋಗಿ ನೋಡಿದರೆ ಯಾರೋ ಮೂವರು ರಾತ್ರಿ ಫೋನ್ ಮಾಡಿ, ಕ್ಯೂನಲ್ಲಿ ಕಾದು ಬೇಸತ್ತು ಇಟ್ಟುಬಿಟ್ಟಿದ್ದಾರೆ. ಅವರು ಇಟ್ಟಿದ್ದು ಗೇಟ್‌ವೇಗೆ ಗೊತ್ತೇ ಆಗಿಲ್ಲ. ಇಡೀ ರಾತ್ರಿ ಖಾಲಿ ಲೈನಿಗೆ ಸಂಗೀತ ಕೇಳಿಸಿದೆ. ಇಂಥ ಅನಲಾಗ್ ಲೈನಿನಲ್ಲಿ ಆಚೆಯವರು ಫೋನ್ ಇಟ್ಟರೆ ಸಾಮಾನ್ಯವಾಗಿ ನಮಗೆ ಸಿಗುವುದು ಟೋನ್ ಒಂದೇ. ಗೇಟ್‌ವೇ ಅಮೆರಿಕದ ಬಿಜಿ ಟೋನಿಗಾಗಿ ಕಾಯುತ್ತಿತ್ತು: 480 ಮತ್ತು 620 ಹರ್ಟ್ಸ್, ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ. ನಮ್ಮದು 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಪುಸ್ತಕದ ಲೆಕ್ಕ ನಂಬಿ ಕೂರಲಿಲ್ಲ. ಮೂರೂ ಲೈನಿನ ಟೋನ್ ರೆಕಾರ್ಡ್ ಮಾಡಿ ಅಳೆದೆ. ಎರಡು ಸರಿಯಾಗಿದ್ದವು. ಮೂರನೆಯದರ ಟೋನ್ ತುಂಬ ಸಣ್ಣದಾಗಿ ಬರುತ್ತಿತ್ತು. ಅದಕ್ಕೆ ಮಾಡಿದ ಉಪಾಯ ನನ್ನ ಹತ್ತಿರವೇ ಇರಲಿ. ಆಮೇಲೆ ಲೈನ್ ಹಾಗೆ ಹಿಡಿದುಕೊಂಡಿದ್ದು ಇಲ್ಲ.

ಮುಂದಿನ ತಲೆನೋವು ಕಾಲರ್ ಐಡಿ. ಮಿಸ್ ಆದ ಕಾಲ್‌ಗಳ ಪಟ್ಟಿ ದಿನಾ ಸಂಜೆ ಸಾಹುಕಾರರ ಕೈಗೆ ಹೋಗಬೇಕು ಅಂತ ನಾನೇ ಮಾತು ಕೊಟ್ಟಿದ್ದೆ. ನಂಬರೇ ಬರುತ್ತಿಲ್ಲ. ತಾಮ್ರದ ಎರಡು ಲೈನುಗಳು ರಿಂಗಿಗೆ ಮುಂಚೆ ಪೊಲಾರಿಟಿ (ಪ್ಲಸ್-ಮೈನಸ್) ತಿರುಗಿಸಿ ಡಿಟಿಎಂಎಫ್‌ನಲ್ಲಿ, ಅಂದರೆ ಫೋನಿನ ಬಟನ್ ಒತ್ತಿದಾಗ ಬರುವಂಥ ಟೋನಿನಲ್ಲಿ, ನಂಬರ್ ಕಳಿಸುತ್ತವೆ. ಮೂರನೆಯದು ಫೈಬರ್ ಬಾಕ್ಸಿನಿಂದ ಬಂದದ್ದು, ಅದು ಎಫ್‌ಎಸ್‌ಕೆ, ಅಂದರೆ ಮೋಡೆಮ್ ಥರದ ಸದ್ದಿನಲ್ಲಿ ನಂಬರ್ ಕಳಿಸುವುದು. ಗೇಟ್‌ವೇನಲ್ಲಿ ಪೋರ್ಟಿಗೊಂದರಂತೆ ಬೇರೆ ಬೇರೆ ಹಾಕಬೇಕು ಅಂತ ಹೊಳೆಯಲು ಹತ್ತು ಹನ್ನೆರಡು ದಿನ ಬೇಕಾಯಿತು. ಗೇಟ್‌ವೇ ಬದಲು ಪಿಸಿಯೊಳಗೆ ಟೆಲಿಫೋನ್ ಕಾರ್ಡ್ ಬಳಸುವವರಿಗೆ ಒಂದು ಮಾತು: ಆ ಕಾರ್ಡಿನ ಡ್ರೈವರ್ ಡಾಡಿಯ ಸೆಟ್ಟಿಂಗಿನಲ್ಲಿ ಪೊಲಾರಿಟಿ ಅಂತ ಒಂದಿದೆ, ಪೊಲಾರಿಟಿ ಐಎನ್ ಅಂತ ಇನ್ನೊಂದಿದೆ. ಆ ಐಎನ್ ಅಂದರೆ ಇಂಡಿಯಾ. ನಮಗಾಗಿಯೇ ಇಟ್ಟದ್ದು ಅದು.

ಈಗ ಮುಖ್ಯ ವಿಷಯ, ಪಾರ್ಕಿಂಗ್. ಫ್ಲ್ಯಾಶ್ (ಲೈನನ್ನು ಒಂದು ಕ್ಷಣ ಕಡಿದು ಜೋಡಿಸುವ ಬಟನ್) ಒತ್ತಿ 70 ಹೊಡೆದರೆ ಕಾಲ್ 71ಕ್ಕೋ 72ಕ್ಕೋ ಹೋಗಿ ನಿಲ್ಲುತ್ತದೆ. ಯಾವ ಫೋನಿನಿಂದಾದರೂ ಆ ನಂಬರ್ ಹೊಡೆದು ಎತ್ತಿಕೊಳ್ಳಬಹುದು. ಹೇಳಲು ಇಷ್ಟೇ. ಆದರೆ ಆಫೀಸಿನಲ್ಲಿ ನಾಲ್ಕು ಥರದ ಸೆಟ್ಟು. ಕೆಲವದರ ಫ್ಲ್ಯಾಶ್ 100 ಮಿಲಿಸೆಕೆಂಡ್, ಕೆಲವದರದ್ದು 600. ಎಫ್‌ಎಕ್ಸ್‌ಎಸ್ ಗೇಟ್‌ವೇ 300ಕ್ಕಿಂತ ಕಡಿಮೆಯದನ್ನು ಫ್ಲ್ಯಾಶ್ ಅಂತ ಒಪ್ಪುತ್ತಲೇ ಇರಲಿಲ್ಲ. 100ರದ್ದನ್ನು, ಅಂಕಿಗೆ ತಕ್ಕಷ್ಟು ಸಲ ಲೈನ್ ಕಡಿಯುವ ಹಳೇ ಕಾಲದ ಪಲ್ಸ್ ಡಯಲಿನ "1" ಅಂದುಕೊಳ್ಳುತ್ತಿತ್ತು. ಪಲ್ಸ್ ಆಫ್ ಮಾಡಿ, ಎಲ್ಲ ಪೋರ್ಟಿಗೂ 80ರಿಂದ ಲೆಕ್ಕ ಹಾಕು ಅಂತ ಕೊಟ್ಟೆ. ಆಗ ಗೋದಾಮಿನ ಸಡಿಲ ವೈರು ಅಲುಗಾಡಿದರೂ ಫ್ಲ್ಯಾಶ್ ಆಗಿ, ಮಾತಿನ ನಡುವೆ ಗಿರಾಕಿ ಹೋಲ್ಡಿಗೆ ಹೋಗತೊಡಗಿದ! ಕೊನೆಗೆ ಆ ಥರದ ಸೆಟ್ಟಿರುವ ಐದು ಪೋರ್ಟಿಗೆ ಮಾತ್ರ 80 ಇಟ್ಟೆ. ಗೋದಾಮಿನಲ್ಲಿ ಫೋನ್ ವೈರುಗಳನ್ನು ಜೋಡಿಸುವ ಕ್ರೋನ್ ಬಾಕ್ಸಿನ ಜಾಯಿಂಟುಗಳನ್ನು ಒಂದು ಭಾನುವಾರ ಪೂರ್ತಿ ಕೂತು ಹೊಸದಾಗಿ ಪಂಚ್ ಮಾಡಿದೆ.

ಪಾರ್ಕ್ ಆದ ಕಾಲ್ 45 ಸೆಕೆಂಡಿನಲ್ಲಿ ವಾಪಸ್ ಬರುವ ಹಾಗೆ ಇರುತ್ತದೆ. ಅಂಗಳದ ಕೊನೆಯಿಂದ ನಡೆದು ಬರುವವನಿಗೆ ಅದು ಸಾಲದು. 120 ಮಾಡಿದೆ. ಕೌಂಟರಿನ ಅಕ್ಕನಿಗೆ ಫ್ಲ್ಯಾಶ್, ಏಳು, ಸೊನ್ನೆ ಅಂತ ಮೂರು ಸಲ ಒತ್ತುವುದೂ ಗದ್ದಲದಲ್ಲಿ ಜಾಸ್ತಿ ಅನ್ನಿಸಿತು. ಈಗ ಅವರ ಸೆಟ್ಟಿನಲ್ಲಿ ಒಂದೇ ಬಟನ್. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡಿನ ವಿದ್ಯೆ.

ಆದರೂ ಹುಡುಗ ಓಡುವುದು ನಿಂತಿರಲಿಲ್ಲ. ಕಾಲ್ 71ರಲ್ಲಿದೆ ಅಂತ ಅಂಗಳಕ್ಕೆ ಯಾರಾದರೂ ಹೇಳಬೇಕಲ್ಲ? ಅಲ್ಲಿ ಮೊದಲೇ ಒಂದು ಅಹುಜಾ ಆಂಪ್ಲಿಫೈಯರ್, ಎರಡು ಹಾರ್ನ್ ಇದ್ದವು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಹಾಡು ಹಾಕಲು. ಪಿಸಿಯ ಸೌಂಡ್ ಕಾರ್ಡಿನಿಂದ ಅದಕ್ಕೆ ವೈರ್ ಎಳೆದೆ. ಮೊದಲು ಬರೀ ಗುಂಯ್ ಅನ್ನುವ ಸದ್ದು. ನಡುವೆ ಆರುನೂರು ರೂಪಾಯಿಯ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ನಿಂತಿತು. ಕಾಲ್ ಪಾರ್ಕ್ ಆದ ಕೂಡಲೇ ಆಸ್ಟರಿಸ್ಕ್ ಒಂದು ಈವೆಂಟ್ ಕೊಡುತ್ತದೆ. ಅದನ್ನು ಹಿಡಿದು ನಂಬರನ್ನು ಹಾರ್ನಿನಲ್ಲಿ ಹೇಳಿಸುವ ಸಣ್ಣ ಸ್ಕ್ರಿಪ್ಟ್ ಬರೆದೆ. ದನಿ ಕೌಂಟರಿನ ಅಕ್ಕನದೇ. ಅವರ ದನಿ ಅಂದರೆ ಅಂಗಳದವರು ತಕ್ಷಣ ತಿರುಗುತ್ತಾರೆ.

"ಎಪ್ಪತ್ತೊಂದು", "ಎಪ್ಪತ್ತೆರಡು" ಅಂತ ರೆಕಾರ್ಡ್ ಮಾಡಿದ್ದೆ. ಲಾರಿ ಇಂಜಿನ್ ಸದ್ದಿನಲ್ಲಿ "ಎಪ್ಪತ್ತ್" ಅನ್ನುವುದಷ್ಟೇ ಕೇಳಿಸುತ್ತದೆ, ಬೇಕಾದ ಬಾಲ ಗಾಳಿಗೆ ಹೋಗುತ್ತದೆ. "ಏಳು... ಒಂದು", "ಏಳು... ಎರಡು" ಅಂತ ಬಿಡಿಸಿ ಹೇಳಿಸಿದೆ. ಅವತ್ತಿನಿಂದ ತಪ್ಪು ಎತ್ತಿದ್ದಿಲ್ಲ. ಆ ಹುಡುಗನಿಗೆ ಈಗ ಬಿಲ್ಟಿ (ಸರಕಿನ ರಸೀದಿ) ಬರೆಯುವ ಕೆಲಸ ಕೊಟ್ಟಿದ್ದಾರೆ.

ಅದೇ ಉತ್ಸಾಹದಲ್ಲಿ ಇನ್ನೊಂದು ಪ್ರಯೋಗಕ್ಕೆ ಇಳಿದೆ. ಗಿರಾಕಿ ಎಲ್‌ಆರ್ ನಂಬರ್ (ಅದೇ ಬಿಲ್ಟಿಯ ನಂಬರ್) ಒತ್ತಿದರೆ ಬಾಡಿಗೆ ಬಾಕಿ ಎಷ್ಟಿದೆ ಅಂತ ಕನ್ನಡದಲ್ಲೇ ಹೇಳಬೇಕು. ಇಂಗ್ಲಿಷಿನಲ್ಲಿ ಟ್ವೆಂಟಿ, ಒನ್ ಅಂತ ಎರಡು ತುಂಡು ಜೋಡಿಸಿದರೆ ಆಯಿತು. ಕನ್ನಡದಲ್ಲಿ ಇಪ್ಪತ್ತು, ಒಂದು ಅಂತ ಜೋಡಿಸಿದರೆ ಇಪ್ಪತ್ತೊಂದು ಆಗುವುದಿಲ್ಲ. ಒಂದರಿಂದ ತೊಂಬತ್ತೊಂಬತ್ತರವರೆಗೆ ಒಂದೊಂದನ್ನೂ ಬೇರೆ ರೆಕಾರ್ಡ್ ಮಾಡಬೇಕು. ಅದಾದ ಮೇಲೆ ನೂರು ಬೇರೆ, ನೂರಾ ಬೇರೆ. ಇನ್ನೂರು ಬೇರೆ, ಇನ್ನೂರ ಬೇರೆ. ಸಾವಿರ ಬೇರೆ, ಸಾವಿರದ ಬೇರೆ. ನೂರಿಪ್ಪತ್ತು ಅನ್ನುವವರೂ ಇದ್ದಾರೆ, ನೂರಾ ಇಪ್ಪತ್ತು ಅನ್ನುವವರೂ ಇದ್ದಾರೆ. ನೂರಾ ಇಪ್ಪತ್ತರಷ್ಟು ತುಂಡು ರೆಕಾರ್ಡ್ ಆದವು, ಎಲ್ಲ 8 ಕಿಲೋಹರ್ಟ್ಸ್ ಮೊನೊ. ಮೂರು ಭಾನುವಾರ ಹೋಯಿತು. ಆದರೆ ಬಾಕಿ ಲೆಕ್ಕವನ್ನು ಸಂಜೆಯೊಳಗೆ ಕಂಪ್ಯೂಟರಿಗೆ ಹಾಕುವವರು ಆಫೀಸಿನಲ್ಲಿ ಯಾರೂ ಇರಲಿಲ್ಲ. ನಿಲ್ಲಿಸಬೇಕಾಯಿತು. ಆ ತುಂಡುಗಳು ನನ್ನ ಹತ್ತಿರ ಭದ್ರವಾಗಿವೆ, ಇನ್ನೊಂದು ಕಡೆ ಖಂಡಿತ ಬಳಸುತ್ತೇನೆ.

ರಾತ್ರಿ ಎಂಟರ ನಂತರ ಬರುವ ಕಾಲ್ ಸಾಹುಕಾರರ ಮೊಬೈಲಿಗೆ ಹೋಗಬೇಕಿತ್ತು. ಡಿಸೆಂಬರ್ ಪೂರ್ತಿ ಚೆನ್ನಾಗಿ ನಡೆಯಿತು. ಸಂಕ್ರಾಂತಿಯ ಮರುದಿನ ಒಮ್ಮೆಲೇ ನಿಂತಿತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಸೊನ್ನೆ ಹಾಕಿಯೇ ಹೊಡೆಯಬೇಕು ಅಂತ ನಿಯಮ ಬಂದಿತ್ತು. ಜನರಿಗೆ ಗೊತ್ತಿತ್ತು, ನನ್ನ ಫಾರ್ವರ್ಡ್ ಪಟ್ಟಿಯಲ್ಲಿ ಹತ್ತೇ ಅಂಕಿ ಇತ್ತು. 6ರಿಂದ 9ರೊಳಗೆ ಶುರುವಾಗುವ ಹತ್ತಂಕಿಗೆ ಮುಂದೆ ಸೊನ್ನೆ ಸೇರಿಸು ಅಂತ ಔಟ್‌ಬೌಂಡ್ ರೂಟಿನಲ್ಲಿ ಒಂದು ಸಾಲು ಹಾಕಿದೆ, ಸರಿಹೋಯಿತು. ಆದರೆ ದನಿ ಸಣ್ಣ. ಒಂದು ಅನಲಾಗ್ ಲೈನಿನಲ್ಲಿ ಬಂದು ಇನ್ನೊಂದು ಅನಲಾಗ್ ಲೈನಿನಲ್ಲಿ ಹೊರಗೆ ಹೋಗುವ ಮಾತು ಎರಡೂ ಕಡೆ ಕಳೆದುಕೊಳ್ಳುತ್ತದೆ. ಗೇನ್ (ದನಿಯ ಮಟ್ಟ) ಏರಿಸಿದರೆ ಎಕೋ, ಮಾತು ಮರುದನಿಸುತ್ತದೆ. ಮೇಲಿಂದ ಒಂದು ಕಾಲಿಗೆ ಎರಡು ಲೈನ್ ಹೋಗುತ್ತದೆ. ಸಿಮ್ ಹಾಕುವ ಒಂದು ಟರ್ಮಿನಲ್ ತಂದು, ಗೇಟ್‌ವೇನಲ್ಲಿ ಉಳಿದಿದ್ದ ನಾಲ್ಕನೇ ಪೋರ್ಟಿಗೆ ಸೇರಿಸಿದೆ. ನಾಲ್ಕು ಸಾವಿರ ಇರಬೇಕು. ಹೊರಗೆ ಹೋಗುವ ಫಾರ್ವರ್ಡ್ ಎಲ್ಲ ಈಗ ಅದರ ಮೂಲಕ.

ಪಿಕಪ್ ಸುಲಭ, *8 ಅಷ್ಟೇ. ಎಲ್ಲರನ್ನೂ ಒಂದೇ ಗುಂಪಿಗೆ ಹಾಕಬೇಡಿ. ನಾನು ಹಾಕಿದ್ದೆ. ಸಾಹುಕಾರರ ಮನೆಯಿಂದ ಅವರ ಕೋಣೆಗೆ ಬಂದ ಕಾಲನ್ನು ಗೋದಾಮಿನ ಹಮಾಲರು ಎತ್ತಿಬಿಟ್ಟರು. ಅವತ್ತೇ ಎರಡು ಗುಂಪು ಮಾಡಿದೆ.

ಏಪ್ರಿಲ್ ಕೊನೆಯ ಗುಡುಗು ಮಳೆಗೆ ಎಫ್‌ಎಕ್ಸ್‌ಒ ಗೇಟ್‌ವೇ ಸುಟ್ಟಿತು. ಮೂರೂ ಲೈನಿನ ಪೋರ್ಟ್ ಸತ್ತಿದ್ದವು, ಸಿಮ್ ಟರ್ಮಿನಲಿನ ಪೋರ್ಟ್ ಒಂದು ಬದುಕಿತ್ತು. ಮತ್ತೆ ಹನ್ನೆರಡು ಸಾವಿರ. ಅದರಲ್ಲಿ ಅರ್ಧ ನಾನೇ ಹಾಕಿದೆ, ಯಾಕೆಂದರೆ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಜಿಡಿ ಟ್ಯೂಬ್ ಹಾಕುವುದನ್ನು "ಮುಂದಿನ ತಿಂಗಳು" ಅಂತ ತಳ್ಳಿದ್ದವನು ನಾನು. ಅರ್ಥಿಂಗ್ ಅಳೆದರೆ ಒಣಗಿ ಹೋಗಿತ್ತು. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ಕ್ರೋನ್ ಮೇಲೆ ಜಿಡಿ ಮಾಡ್ಯೂಲ್ ಕೂರಿಸಿದೆ. ಗುಂಡಿ ಸೇರಿ ಎರಡೂವರೆ ಸಾವಿರ. ಆಮೇಲೆ ಎಷ್ಟೋ ಸಿಡಿಲು ಹೋದವು, ಟ್ಯೂಬ್ ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಹೋಗಿಲ್ಲ.

ಸುಟ್ಟದ್ದೂ ಸೇರಿ ಒಟ್ಟು 56-57 ಸಾವಿರ, ನನ್ನ ಕೂಲಿ ಬೇರೆ. ಆರು ತಿಂಗಳು ಬಾಳುವುದಿಲ್ಲ ಅಂದ ಪಿಸಿ ಇವತ್ತಿಗೂ ಅದೇ ಮೂಲೆಯಲ್ಲಿ ನಡೆಯುತ್ತಿದೆ. ಹಳೇ ಸೆಟ್ಟಿನ ಮೇಲೆ ಪಾರ್ಕಿಂಗನ್ನು ಹೀಗೆ ಹಾರ್ನಿನವರೆಗೆ ತಂದವರನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಾನಂತೂ ಬೇರೆ ಕಂಡಿಲ್ಲ. ಆ ಡೀಲರ್ ಕೂಡ ಒಮ್ಮೆ ಬಂದು ಅಂಗಳದಲ್ಲಿ ನಿಂತು "ಏಳು... ಎರಡು" ಕೇಳಿಸಿಕೊಂಡು ಹೋದರು.

ವಿಜಯಪುರದ ಶಾಖೆಗೂ ಮಾಡಿಕೊಡಿ ಅಂತ ಸಾಹುಕಾರರು ಹೇಳಿದ್ದಾರೆ. ಅಲ್ಲಿ ಲ್ಯಾಂಡ್‌ಲೈನೇ ಇಲ್ಲ, ಎರಡು ಸಿಮ್ ಅಷ್ಟೇ. ಮುಂದಿನ ವಾರ ಹೋಗುತ್ತಿದ್ದೇನೆ, ಮೊದಲು ಅರ್ಥಿಂಗ್ ನೋಡಲು.