ಪರೀಕ್ಷೆಯ ಸುತ್ತೋಲೆ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ

ಪುಣೆಯಲ್ಲಿ ಓದುತ್ತಿರುವ ನಮ್ಮ ಕನ್ನಡ ವಿದ್ಯಾರ್ಥಿಗಳ ಗಮನಕ್ಕೆ: ಪರೀಕ್ಷೆ ಮುಂದೂಡಲಾಗಿದೆ ಎಂಬ ಸುತ್ತೋಲೆಯ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ, ಮುದ್ರೆಯನ್ನೂ ಸಹಿಯನ್ನೂ ನೋಡಿದೊಡನೆ ನಂಬಿಬಿಡದೆ, ಅದರ ದಿನಾಂಕ ಹಾಗೂ ಕ್ರಮಸಂಖ್ಯೆ ಹಿಡಿದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲಿ ಹುಡುಕುವುದು ಲೇಸು. ದಿನಾಂಕದ ಸಾಲನ್ನೇ ಕತ್ತರಿಸಿದ ಚಿತ್ರವಾದರೆ ಅನುಮಾನ ಇನ್ನೂ ಹೆಚ್ಚಿರಲಿ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಚಾಟ್‌ಗಳನ್ನು ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದು. (ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿದರೆ ಆ ಗುರುತೂ ಮಾಯ!) ಮರಾಠಿ ಓದಲು ತೊಡಕಾದವರು ಸಹಪಾಠಿಯಿಂದ ಪೂರ್ತಿ ಓದಿಸಿಕೊಂಡು, ಆದೇಶವು ಯಾವ ವಿಭಾಗಕ್ಕೆ, ಯಾವ ಸೆಮಿಸ್ಟರ್‌ಗೆ ಅನ್ವಯಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಊರಿಗೆ ಹೋಗುವ ಟಿಕೆಟ್ ಕಾಯ್ದಿರಿಸಿ.