ಗಡಸುತನದ ಟೈಟ್ರೇಷನ್: ನೇರಳೆಯಲ್ಲೇ ಕೂತಿದ್ದ ಬಣ್ಣ ನೀಲಿಗೆ ತಿರುಗಿದ್ದು ಹೀಗೆ

ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟೆಂದು ಅಳೆಯಲು, ಅವನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಹಾಕುತ್ತಾ ಹೋದಾಗ ಸೂಚಕ ಬೆರೆಸಿದ ನೀರಿನ ಕೆನ್ನೇರಳೆ ಬಣ್ಣ ಕೊನೆಯ ಹನಿಗೆ ಅಚ್ಚ ನೀಲಿಯಾಗಬೇಕು. ನಮ್ಮಲ್ಲಿ ನೇರಳೆ ಹೋಗುತ್ತಲೇ ಇರಲಿಲ್ಲ. ಒಂದೇ ನೀರಿಗೆ ಒಬ್ಬೊಬ್ಬ ವಿದ್ಯಾರ್ಥಿಯದು ಒಂದೊಂದು ರೀಡಿಂಗ್.

ಅನುಮಾನ ಮೊದಲು ಇಡಿಟಿಎ ಮೇಲೆ ಬಂತು. ಅದು ಸರಿಯಾಗಿಯೇ ಇತ್ತು. ತಪ್ಪು ಬಫರಿನದು, ಅಂದರೆ ನೀರಿನ ಪಿಎಚ್ ಬದಲಾಗದಂತೆ ಹಿಡಿದಿಡುವ ಅಮೋನಿಯಾ ದ್ರಾವಣದ್ದು: ಮುಚ್ಚಳ ಸಡಿಲವಾಗಿ ಅಮೋನಿಯಾ ಹಾರಿಹೋಗಿತ್ತು. ಬಫರ್ ಬೆರೆಸಿದ ಮೇಲೂ ಪಿಎಚ್ ಕಾಗದ 8.5ರ ಆಸುಪಾಸು ತೋರಿಸಿತು, ಬೇಕಿದ್ದದ್ದು 10. ಹೊಸ ಬಫರ್ ಮಾಡಿ, 50 ಮಿಲಿ ನೀರಿಗೆ 2 ಮಿಲಿ ಹಾಕಿದೆವು. (ಕಿಟಕಿ ತೆರೆದಿಟ್ಟುಕೊಳ್ಳಿ, ಮೂಗು ಉರಿಯುತ್ತದೆ.)

ಎರಡನೆಯ ತಪ್ಪು ಸೂಚಕದ್ದು, ಅಂದರೆ ಬಣ್ಣ ಬದಲಿಸಿ ಕೊನೆ ತೋರಿಸುವ ವಸ್ತುವಿನದು. ಎರಿಯೋಕ್ರೋಮ್ ಬ್ಲ್ಯಾಕ್ ಟಿ ದ್ರಾವಣವಾಗಿ ಬಹುಕಾಲ ಬಾಳುವುದಿಲ್ಲ. 0.5 ಗ್ರಾಂ ಪುಡಿಯನ್ನು 100 ಗ್ರಾಂ ಸೋಡಿಯಂ ಕ್ಲೋರೈಡ್ ಜೊತೆ ಅರೆದಿಟ್ಟು, ಚಿಟಿಕೆಯಷ್ಟೇ ಬಳಸಿ. ಹೆಚ್ಚಾದರೆ ಬಣ್ಣ ಕಪ್ಪಿಟ್ಟು ಬದಲಾವಣೆ ಕಣ್ಣಿಗೆ ಬೀಳದು.

ಬಫರ್ ಹಾಕಿದ 5 ನಿಮಿಷದೊಳಗೆ ಮುಗಿಸಿ. ತಡವಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಸಿಯಾಗಿ ರೀಡಿಂಗ್ ಕಡಿಮೆ ಬರುತ್ತದೆ. ಫ್ಲಾಸ್ಕ್ ಕೆಳಗೆ ಬಿಳಿ ಹಾಳೆ ಇಡಿ, ಕೊನೆಯಲ್ಲಿ ಒಂದೊಂದೇ ಹನಿ.

0.01 ಮೋಲಾರ್ ಇಡಿಟಿಎಗೆ ಲೆಕ್ಕ ಸುಲಭ: 50 ಮಿಲಿ ನೀರಿಗೆ ಖರ್ಚಾದ ಇಡಿಟಿಎ ಮಿಲಿಯನ್ನು 20ರಿಂದ ಗುಣಿಸಿ. 12.4 ಮಿಲಿ ಅಂದರೆ ಲೀಟರಿಗೆ 248 ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ.