ಲಾಟ್ ಒಡೆದೆ, ಪೊಟ್ಟಣ ಕಟ್ಟಿದೆ, ಮಾಲು ಹೋಯಿತು: ಕಲಬುರಗಿಯಿಂದ ಎಚ್‌ಒ ಬಿಡಿಭಾಗ ಮಾರಿದ ನನ್ನ ಅನುಭವ

ಕಲಬುರಗಿಯಲ್ಲಿ ಕೂತು ಎಚ್‌ಒ, ಅಂದರೆ ನಿಜ ರೈಲಿನ 87ನೇ ಒಂದು ಭಾಗದ ಅಳತೆಯ, ಮಾಡೆಲ್ ರೈಲಿನ ಹಳೆ ಸಾಮಾನು ಮಾರೋದು ಆಗದ ಮಾತು ಅಂದವರೇ ಹೆಚ್ಚು. ಕೊಳ್ಳುವವರೆಲ್ಲ ಬೆಂಗಳೂರು, ಚೆನ್ನೈ, ಪುಣೆ, ಮುಂಬೈ ಕಡೆ ಇದ್ದಾರೆ, ಕೊರಿಯರ್ ಖರ್ಚೇ ಲಾಭ ನುಂಗುತ್ತದೆ, ಇಡೀ ರಾಶಿ ಒಬ್ಬರಿಗೇ ಕೊಟ್ಟು ಕೈ ತೊಳಕೊಳ್ರಿ ಅಂತ ಸಲಹೆ. ರಾಶಿಗೆ ಒಟ್ಟಾಗಿ ಬಂದ ದೊಡ್ಡ ಆಫರ್ 18,000 ರೂಪಾಯಿ ಸುಮಾರು. ಅದನ್ನೇ ಬಿಡಿಸಿ, ಅಳೆದು, ಪೊಟ್ಟಣ ಕಟ್ಟಿ ಮಾರಿದ್ದಕ್ಕೆ ಖರ್ಚು ಕಳೆದು 50,000 ದಾಟಿತು. ಇನ್ನೂ ಎರಡು ಡಬ್ಬಿ ಉಳಿದಿವೆ. ಆಗ ನಕ್ಕವರಲ್ಲಿ ಇಬ್ಬರು ಈಗ ತಮ್ಮ ಮಾಲನ್ನೂ ನೀವೇ ಮಾರಿಕೊಡ್ರಿ ಅಂತ ಕೇಳುತ್ತಾರೆ.

ಈಗ ಬೇಡಿಕೆ ಯಾಕಿದೆ ಅನ್ನೋದು ಎಲ್ಲರಿಗೂ ಗೊತ್ತು. ಆಟಿಕೆಗಳ ಕಸ್ಟಮ್ಸ್ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸ್ಕೇಲ್ ಮಾಡೆಲ್ ಕೂಡ ಅದೇ ಅಧ್ಯಾಯದಲ್ಲಿ ಬರುತ್ತದೆ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ ಬಿಐಎಸ್ ನಿಯಮ ಬೇರೆ. ಹೊರಗಿನಿಂದ ಒಂದು ಪ್ಯಾಕೆಟ್ ಚಕ್ರ ತರಿಸಿದರೆ ಮಾಲಿಗಿಂತ ಉಳಿದದ್ದೇ ಭಾರ. ಹಾಗಾಗಿ ದೇಶದೊಳಗೆ ಕಪಾಟಿನಲ್ಲಿ ಬಿದ್ದಿರುವ ಮಾಲಿಗೆ ಬೆಲೆ ಇದೆ. ಆದರೆ ಆ ಬೆಲೆ ಲಾಟ್ ರೂಪದಲ್ಲಿ, ಅಂದರೆ ಇಡೀ ರಾಶಿಯಾಗಿ ಮಾರಿದರೆ, ಕೈಗೆ ಬರುವುದಿಲ್ಲ. ಲಾಟ್ ಕೊಳ್ಳುವವನು ತನಗೆ ಬೇಕಾದ ನಾಲ್ಕು ಸಾಮಾನಿಗೆ ಲೆಕ್ಕ ಹಾಕಿ, ಉಳಿದದ್ದಕ್ಕೆ ಸೊನ್ನೆ ಹಾಕುತ್ತಾನೆ.

ಹೆಸರು ಬದಲಿಸಿದ್ದೇ ದೊಡ್ಡ ವ್ಯತ್ಯಾಸ ತಂದಿತು. ನಮ್ಮ ಹತ್ತಿರ ಇರೋದು ಬಹುಪಾಲು ಅಮೆರಿಕದ ಮಾಲು, ಕೊಳ್ಳುವವರು ಕಟ್ಟೋದು ನಮ್ಮ ರೈಲು. '33 ಇಂಚಿನ ಲೋಹದ ಚಕ್ರ, ಆಕ್ಸಲ್‌ಗೆ 50 ರೂಪಾಯಿ' ಅಂತ ಹಾಕಿದಾಗ ತಿಂಗಳುಗಟ್ಟಲೆ ಯಾರೂ ಕೇಳಲಿಲ್ಲ. 33 ಇಂಚು ಅನ್ನೋದು ನಿಜ ರೈಲಿನ ಅಳತೆ, ಅಂದರೆ 838 ಮಿ.ಮೀ. ನಮ್ಮ ಬಿಎಲ್‌ಸಿ ಕಂಟೇನರ್ ವ್ಯಾಗನ್ ಚಕ್ರ 840. 87ರಿಂದ ಭಾಗಿಸಿದರೆ ಎರಡೂ 9.6 ಮಿ.ಮೀ. ಆಸುಪಾಸು. 36 ಇಂಚಿನದು 914 ಮಿ.ಮೀ., ಚೆನ್ನೈನ ಐಸಿಎಫ್ ಕಾರ್ಖಾನೆ ಮಾದರಿಯ ಕೋಚ್ ಚಕ್ರ 915. ಎಚ್‌ಒದಲ್ಲಿ 10.5. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ಚಕ್ರ 1000 ಮಿ.ಮೀ., ಅದಕ್ಕೆ 11.5 ಬೇಕು, 36 ಇಂಚಿನದು ಅಲ್ಲಿ ಸಣ್ಣದಾಗುತ್ತದೆ. ಅದನ್ನೂ ಚೀಟಿಯಲ್ಲಿ ಬರೆದೇ ಕೊಡುತ್ತೇನೆ. 'ಬಿಎಲ್‌ಸಿ ಸೆಟ್', 'ಐಸಿಎಫ್ ಸೆಟ್' ಅಂತ ಹೆಸರಿಟ್ಟ ಮೇಲೆ ಅದೇ ಚಕ್ರ ಆಕ್ಸಲ್‌ಗೆ 80–90ರಂತೆ ಹೋಯಿತು, ಚೌಕಾಸಿ ಇಲ್ಲದೆ.

ಬಿಎಲ್‌ಸಿ ಸೆಟ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಐದು ವ್ಯಾಗನ್ ಸೇರಿ ಒಂದು ಯೂನಿಟ್: ಎರಡು ತುದಿಗೆ ಬಿಎಲ್‌ಸಿಎ, ನಡುವೆ ಮೂರು ಬಿಎಲ್‌ಸಿಬಿ. ಕಪ್ಲರ್, ಅಂದರೆ ಕಳಚಿ ಜೋಡಿಸುವ ಕೊಂಡಿ, ಯೂನಿಟ್‌ನ ಎರಡು ತುದಿಗೆ ಮಾತ್ರ. ಒಳಗಿನ ನಾಲ್ಕು ಜಾಗದಲ್ಲಿ ಡ್ರಾಬಾರ್ ಅನ್ನೋ ಕಳಚದ ಪಟ್ಟಿ. ಅಂದರೆ ಯೂನಿಟ್‌ಗೆ 20 ಆಕ್ಸಲ್, 2 ಕಪ್ಲರ್, 4 ಡ್ರಾಬಾರ್ ಸಾಕು. ಬಿಡಿಯಾಗಿ ಕೊಳ್ಳುವವರು 10 ಕಪ್ಲರ್ ತಗೊಂಡು ಹಣ ಹಾಳು ಮಾಡುತ್ತಾರೆ. ಡ್ರಾಬಾರ್‌ಗಳನ್ನು 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿಯಲ್ಲಿ ನಾನೇ ಕತ್ತರಿಸಿ, ತೂತು ಕೊರೆದು ಹಾಕುತ್ತೇನೆ. ಎರಡು ತೂತಿನ ನಡುವಿನ ಅಂತರ 18 ಇಂಚು ತ್ರಿಜ್ಯದ ಕರ್ವ್‌ನಲ್ಲೂ ವ್ಯಾಗನ್ ತುದಿ ಒಂದಕ್ಕೊಂದು ತಗಲದಂತೆ ಕೂರಬೇಕು. ಆ ಅಳತೆ ಪೊಟ್ಟಣದೊಳಗೇ ಸಿಗುತ್ತದೆ, ಇಲ್ಲಿ ಬರೆಯುವುದಿಲ್ಲ!

ಸ್ಕ್ರೂ ವಿಷಯ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಕಾಡೀ ಕಂಪನಿಯ 5ನೇ ನಂಬರಿನ ಕಪ್ಲರ್ ಬಾಕ್ಸ್‌ಗೆ ಬೇಕಾದದ್ದು 2-56 ಅನ್ನೋ ಅಮೆರಿಕದ ಅಳತೆಯ ಸ್ಕ್ರೂ. ಸ್ಟೇಷನ್ ರೋಡ್ ಕಡೆಯ ನಟ್-ಬೋಲ್ಟ್ ಅಂಗಡಿಗಳಲ್ಲಿ ಸಿಗೋದು ಎಂ2, ಅಂದರೆ 2 ಮಿ.ಮೀ. ಸ್ಕ್ರೂ. 2-56ರ ವ್ಯಾಸ 2.2 ಮಿ.ಮೀ. ಸುಮಾರು, ಹಳೆ ತೂತಿನಲ್ಲಿ ಎಂ2 ಗರಗರ ತಿರುಗಿ ಕಿತ್ತು ಬರುತ್ತದೆ. ಹೊಸ ತೂತಾದರೆ 1.6 ಮಿ.ಮೀ. ಡ್ರಿಲ್ ಹಾಕಿ ಎಂ2 ಟ್ಯಾಪ್ ಹೊಡೆದರೆ ಪಕ್ಕಾ ನಿಲ್ಲುತ್ತದೆ. ಪ್ರತಿ ಕಪ್ಲರ್ ಪೊಟ್ಟಣಕ್ಕೆ ಒಂದು ಹೆಚ್ಚುವರಿ 2-56 ಹಾಕುತ್ತೇನೆ. ನನಗೆ ಐದಾರು ರೂಪಾಯಿ ಖರ್ಚು, ಕೊಳ್ಳುವವನಿಗೆ ವಾರದ ಹುಡುಕಾಟ ತಪ್ಪುತ್ತದೆ. ಎತ್ತರ ಸರಿ ಮಾಡಲು ಫೈಬರ್ ವಾಷರ್ ನಾಲ್ಕು.

ವ್ಯಾಗನ್, ಕೋಚ್ ಹಳಿ ತಪ್ಪದಂತೆ ಒಳಗೆ ಅಂಟಿಸುವ ತೂಕವನ್ನೂ ಪೊಟ್ಟಣದಲ್ಲೇ ಕೊಡಬಹುದು. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಲೆಕ್ಕ ಎಚ್‌ಒಗೆ 1 ಔನ್ಸ್, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಲೆಕ್ಕದಲ್ಲಿ 28 ಗ್ರಾಂ, ಇಂಚಿಗೆ 14. ಬಾಕ್ಸ್‌ಎನ್ 11 ಸೆಂ.ಮೀ., 90 ಗ್ರಾಂ ಸಾಕು. ಐಸಿಎಫ್ 24.5 ಸೆಂ.ಮೀ., 165 ಗ್ರಾಂ. ಟೈರ್ ಅಂಗಡಿಯ ಅಂಟಿಸುವ ಬ್ಯಾಲೆನ್ಸಿಂಗ್ ತುಂಡು, 5 ಮತ್ತು 10 ಗ್ರಾಂನದು, ಇದಕ್ಕೆಂದೇ ಮಾಡಿದಂತಿದೆ. ಆದರೆ ಕೊರಿಯರ್‌ನಲ್ಲಿ ತೂಕ ಕಳಿಸೋದು ದಂಡ. ಕೇಳಿದವರಿಗೆ ಮಾತ್ರ. ಉಳಿದವರಿಗೆ ಎಷ್ಟು ತುಂಡು ಎಲ್ಲಿ ಅಂಟಿಸಬೇಕು ಅನ್ನೋ ಚೀಟಿ ಸಾಕು, ಟೈರ್ ಅಂಗಡಿ ಎಲ್ಲ ಊರಲ್ಲೂ ಇದೆ.

ಅಳತೆ ಇಲ್ಲದ ಫೋಟೋ ಹಾಕಿದರೆ ರಿಟರ್ನ್ ಖಾತ್ರಿ. ಆಕ್ಸಲ್ ಉದ್ದ 24ರಿಂದ 26 ಮಿ.ಮೀ. ವರೆಗೆ ಬದಲಾಗುತ್ತದೆ. ಅರ್ಧ ಮಿ.ಮೀ. ಹೆಚ್ಚಾದರೆ ಬೋಗಿ (ಇಲ್ಲಿ ಬೋಗಿ ಅಂದರೆ ಡಬ್ಬಿಯಲ್ಲ, ಕೆಳಗೆ ಚಕ್ರ ಕೂರುವ ಚೌಕಟ್ಟು) ಅಗಲಿ ಚಕ್ರ ಬಿಗಿಯುತ್ತದೆ, ಕಡಿಮೆಯಾದರೆ ಎತ್ತಿದಾಗ ಉದುರುತ್ತದೆ. ವರ್ನಿಯರ್ ಇಟ್ಟು ಫೋಟೋ ತೆಗೆದು ಅದನ್ನೇ ಮೊದಲ ಚಿತ್ರವಾಗಿ ಹಾಕುತ್ತೇನೆ. ಒಒ ಅನ್ನೋ ಬ್ರಿಟಿಷ್ ಅಳತೆಯ ಮಾಲಿಗೆ '1:76' ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಹಳಿ ಎರಡಕ್ಕೂ 16.5 ಮಿ.ಮೀ. ಇರೋದರಿಂದ ಓಡುತ್ತದೆ, ಓಡಿದ ಮೇಲೆ ಪಕ್ಕದ ಕೋಚ್‌ಗಿಂತ ಉಬ್ಬಿ ಕಾಣುತ್ತದೆ, ಆಮೇಲೆ ಜಗಳ.

ಇಂಜಿನ್‌ಗಳಲ್ಲಿ 'ಚಾಲೂ ಇದೆ' ಅನ್ನೋ ಮಾತಿಗೆ ಕಿಮ್ಮತ್ತಿಲ್ಲ. ನಾನು ನಾಲ್ಕು ಅಂಕಿ ಕೊಡುತ್ತೇನೆ: ಎಷ್ಟು ವೋಲ್ಟ್‌ಗೆ ಕದಲುತ್ತದೆ, ಓಡುವಾಗ ಎಷ್ಟು ಆಂಪ್, 12 ವೋಲ್ಟ್‌ನಲ್ಲಿ ಚಕ್ರ ಒತ್ತಿ ಹಿಡಿದರೆ ಎಷ್ಟು ಆಂಪ್, ಎರಡು ಚಕ್ರದ ಒಳಮೈ ನಡುವೆ ಎಷ್ಟು ಮಿ.ಮೀ. ಮೂರನೆಯದು ಡಿಸಿಸಿ, ಅಂದರೆ ಇಂಜಿನ್ ಒಳಗೆ ಡಿಕೋಡರ್ ಅನ್ನೋ ಚಿಪ್ ಇಟ್ಟು ಡಿಜಿಟಲ್ ಆಗಿ ಓಡಿಸುವ ವ್ಯವಸ್ಥೆ, ಹಾಕುವವರಿಗೆ ಜೀವಾಳ. 1 ಆಂಪ್ ಡಿಕೋಡರ್ ಹಾಕಿ 1.5 ಆಂಪ್ ಎಳೆಯುವ ಹಳೆ ಮೋಟಾರ್ ಓಡಿಸಿದರೆ ಡಿಕೋಡರ್ ಸುಡುತ್ತದೆ, ಬೈಗುಳ ಮಾರಿದವನಿಗೆ. ಒತ್ತಿ ಹಿಡಿಯೋದು ಎರಡು ಸೆಕೆಂಡ್ ಮಾತ್ರ. ನಾಲ್ಕನೆಯದು 14.4–14.5 ಇರಬೇಕು. ಅದಕ್ಕಿಂತ ಅಗಲಿದ್ದು, ಓಡುವಾಗ ಸುತ್ತಿಗೊಮ್ಮೆ ಟಕ್ ಅಂದರೆ, ಆಕ್ಸಲ್ ಗೇರ್ ಸೀಳಿದೆ ಅಂತಲೇ ಅರ್ಥ. ಟಾರ್ಚ್ ಹಿಡಿದು ಹಲ್ಲಿನ ಬುಡ ನೋಡಿದರೆ ಕೂದಲೆಳೆ ಬಿರುಕು ಕಾಣುತ್ತದೆ. ಸೂಪರ್ ಗ್ಲೂ ಹಾಕಿ ಮಾರುವವರು ಇದ್ದಾರೆ. ಅದು ಖರೀದಿದಾರನ ಮೇಜಿನ ಮೇಲೆ ನಾಲ್ಕು ಸುತ್ತು ಬಾಳುವ ಕೆಲಸ.

ಸತ್ತ ಇಂಜಿನ್ ಒಡೆದು ಮಾರೋದು ಲಾಭ. ಓಡುವ ಹಳೆಯದಕ್ಕೆ 4,500–5,000 ಬಂದರೆ, ಓಡದ್ದನ್ನು ಒಡೆದರೆ ಒಟ್ಟು 3,000 ಮೇಲೆ ಬರುತ್ತದೆ: ಮೋಟಾರ್, ಫ್ಲೈವೀಲ್, ಲೈಟ್ ಬೋರ್ಡ್, ಬೋಗಿ ಜೋಡಿ, ಬಾಡಿ. ಮೊದಲು ಹೋಗೋದು ಹ್ಯಾಂಡ್‌ರೇಲ್, ಎಲ್ಲರ ಮನೆಯಲ್ಲೂ ಮುರಿಯೋದು ಅದೇ. ಅಮೆರಿಕದ ಆಲ್ಕೋ ಆರ್‌ಎಸ್‌ಡಿ ಡೀಸೆಲ್ ಇಂಜಿನ್‌ನ ಹಳೆ ಮಾಡೆಲ್ ಸಿಕ್ಕರೆ ಬೋಗಿಗಳನ್ನು ಬೇರೆ ಇಡಿ. ಅಸಮ ಅಂತರದ ಆ ಮೂರು ಆಕ್ಸಲ್ ಬೋಗಿ ನಮ್ಮ ಹಳೆ ಡೀಸೆಲ್ ಇಂಜಿನ್ ಡಬ್ಲ್ಯೂಡಿಎಂ-2 ಕಟ್ಟುವವರಿಗೆ ಬೇಕೇ ಬೇಕು. ಜಾಮ್ ಆದ ಮೋಟಾರ್ ಬಿಡಿಸುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಕಿಟ್‌ಗಳಿಗೆ ಬಂದರೆ, ತೆರೆದ ಕಿಟ್ ಅಂತ ಅರ್ಧ ಬೆಲೆಗೆ ಕೊಡಬೇಕಿಲ್ಲ. ಸೂಚನಾ ಹಾಳೆ ಪಕ್ಕದಲ್ಲಿಟ್ಟು ಪ್ರತಿ ಸ್ಪ್ರೂ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಎಣಿಸಿ, ಇಲ್ಲದ ಭಾಗಕ್ಕೆ ಹಾಳೆಯ ಫೋಟೋದಲ್ಲಿ ಕೆಂಪು ಗುರುತು ಹಾಕಿ ತೋರಿಸಿದರೆ ಶೇ. 75ರ ತನಕ ಬರುತ್ತದೆ. ಬೆಲೆ ಕೆಡಿಸೋದು ಡಿಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರ. ಹಳದಿ ತಿರುಗಿದ ಡಿಕಾಲ್ ಹಾಳೆಯನ್ನು ಜಿಪ್ ಕವರ್‌ನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಮುಖ ಹೊರಗೆ ಮಾಡಿ ಅಂಟಿಸಿ. ನಮ್ಮ ಏಪ್ರಿಲ್ ಬಿಸಿಲಿಗೆ ಮೂರು ನಾಲ್ಕು ದಿನದಲ್ಲಿ ಬಿಳುಪಾಗುತ್ತದೆ. ಕಲಬುರಗಿಯ ಬಿಸಿಲು ಉಪಕಾರ ಮಾಡೋದು ಇದೊಂದಕ್ಕೇ. ಆಮೇಲೆ ಬೇಡದ ಒಂದು ಅಕ್ಷರ ಕತ್ತರಿಸಿ ಉಗುರುಬೆಚ್ಚಗಿನ ನೀರಿಗೆ ಹಾಕಿ. ಚೂರಾದರೆ ಉಳಿದ ಹಾಳೆಗೆ ಕ್ಲಿಯರ್ ಲ್ಯಾಕರ್ ಒಂದು ತೆಳು ಕೋಟ್ ಹೊಡೆದು, 'ಅಕ್ಷರ ಬಿಡಿಬಿಡಿಯಾಗಿ ಕತ್ತರಿಸಿಕೊಳ್ಳಿ' ಅಂತ ಬರೆದು ಕಳಿಸಿ.

ಅದೇ ಬಿಸಿಲು ಪ್ಯಾಕಿಂಗ್‌ಗೆ ವೈರಿ. ಮೇ ತಿಂಗಳಲ್ಲಿ ಹೊರಗೆ 43–44 ಡಿಗ್ರಿ, ತಗಡಿನ ಗೋಡೌನ್ ಒಳಗೆ ಇನ್ನೂ ಹೆಚ್ಚು. ಬಬಲ್ ರ‍್ಯಾಪ್ ನೇರ ಬಣ್ಣಕ್ಕೆ ತಗಲಿದರೆ ಗುಳ್ಳೆಗಳ ಉಂಗುರ ಬಾಡಿ ಮೇಲೆ ಅಚ್ಚಾಗುತ್ತದೆ, ಅಳಿಸಲು ಬರೋದಿಲ್ಲ. ರಬ್ಬರ್ ಬ್ಯಾಂಡ್ ಕರಗಿ ಸ್ಟೈರೀನ್‌ಗೆ ಹತ್ತುತ್ತದೆ. ಮೊದಲು ಬಟರ್ ಪೇಪರ್ ಎರಡು ಸುತ್ತು, ಅದರ ಮೇಲೆ ಬಬಲ್ ರ‍್ಯಾಪ್, ಆಮೇಲೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಮೊಬೈಲ್ ಅಂಗಡಿಯವರು ಬಿಸಾಡುವ ಗಟ್ಟಿ ರಟ್ಟಿನ ಡಬ್ಬಿ. ರೆಸಿನ್ ಕಿಟ್ ಏಪ್ರಿಲ್, ಮೇನಲ್ಲಿ ಕಳಿಸೋದೇ ಇಲ್ಲ. ಬಾಗಿ ಬಂದರೆ 70 ಡಿಗ್ರಿ ನೀರಿನಲ್ಲಿ ಅದ್ದಿ ಗಾಜಿನ ಮೇಲೆ ಒತ್ತಿ ಸರಿ ಮಾಡಬಹುದು ಅಂತ ನಮಗೆ ಗೊತ್ತು, ಹೊಸಬ ಮಾತ್ರ ಹಣ ವಾಪಸ್ ಕೇಳುತ್ತಾನೆ. ಪಾರ್ಸೆಲ್ ಸೋಮವಾರ, ಮಂಗಳವಾರ ಹಾಕಿದರೆ ಭಾನುವಾರದ ಗೋಡೌನ್ ವಾಸ ತಪ್ಪುತ್ತದೆ. ಬಣ್ಣದ ಡಬ್ಬಿ, ಥಿನ್ನರ್ ಕೊರಿಯರ್‌ಗೆ ಹಾಕಬೇಡಿ, ಸ್ಥಳೀಯರಿಗೇ ಕೊಡಿ.

ಫ್ಲೆಕ್ಸ್ ಟ್ರ್ಯಾಕ್, ಅಂದರೆ ಬೇಕಾದಂತೆ ಬಗ್ಗಿಸುವ ಹಳಿ, 914 ಮಿ.ಮೀ. ಉದ್ದ. ಕತ್ತರಿಸಿ ಕಳಿಸಿದರೆ ಅರ್ಧ ಬೆಲೆ. ಕಟ್ಟಿಗೆ ಪೆಟ್ಟಿಗೆ 95×15×10 ಸೆಂ.ಮೀ. ಮಾಡಿಸಿದರೆ ಕೊರಿಯರ್‌ನವರು ಗಾತ್ರದ ಘನ ಸೆಂ.ಮೀ. ಲೆಕ್ಕವನ್ನು 5,000ದಿಂದ ಭಾಗಿಸಿ 2.85 ಕೆಜಿ ಹಿಡಿಯುತ್ತಾರೆ. 2 ಇಂಚಿನ ಪಿವಿಸಿ ಪೈಪ್‌ನಲ್ಲಿ ಎಂಟು ತುಂಡು, ಎರಡೆರಡು ಮುಖಾಮುಖಿ, ಹಳಿಯ ತುದಿಗೆ ಥರ್ಮಾಕೋಲ್ ಚುಚ್ಚಿ ತುಂಬಿದರೆ ಗಾತ್ರದ ಲೆಕ್ಕ ಮುಕ್ಕಾಲು ಕೆಜಿ, ನಿಜ ತೂಕ 1 ಕೆಜಿ ಆಸುಪಾಸು. ಪ್ಲಂಬರ್‌ಗಳ ಹತ್ತಿರ ಉಳಿದ ತುಂಡು ಪೈಪ್ 30–40 ರೂಪಾಯಿಗೆ ಸಿಗುತ್ತದೆ. ಥರ್ಮಾಕೋಲ್ ಬಿಟ್ಟರೆ ದಾರಿಯಲ್ಲಿ ಹಳಿ ಸ್ಲೀಪರ್‌ನಿಂದ ಜಾರಿ ಹೊರಬರುತ್ತದೆ, ಚಿಕ್ಕ ಕೊಕ್ಕೆಗಳು ಮುರಿಯುತ್ತವೆ.

ನಡುವೆ ಬ್ಯಾಲಸ್ಟ್, ಅಂದರೆ ಹಳಿ ಕೆಳಗೆ ಹಾಸುವ ಜಲ್ಲಿ, ಮಾರಿ ನೋಡಿದೆ. ರೈಲ್ವೆಯ ಜಲ್ಲಿ 65 ಮಿ.ಮೀ., ಎಚ್‌ಒದಲ್ಲಿ 0.75. ನಮ್ಮ ಕಡೆ ಕರಿಕಲ್ಲಿನ ಕ್ರಷರ್ ಪುಡಿ ಚೀಲಕ್ಕೆ ನೂರು ರೂಪಾಯಿಯೂ ಇಲ್ಲ. 600 ಮೈಕ್ರಾನ್ ಜರಡಿ ದಾಟಿ 300ರ ಮೇಲೆ ನಿಂತದ್ದನ್ನು ತೊಳೆದು ಒಣಗಿಸಿದರೆ ನೋಡಲು ಅಸಲಿ. ತೊಂದರೆ ಬೇರೆ ಇದೆ: ಕರಿಕಲ್ಲಿನಲ್ಲಿ ಮ್ಯಾಗ್ನೆಟೈಟ್ ಕಣ ಇರುತ್ತವೆ, ಮೋಟಾರ್ ಮ್ಯಾಗ್ನೆಟ್ ಅವನ್ನು ಎಳೆದು ಗೇರ್‌ಗೆ ಸೇರಿಸುತ್ತದೆ. ಸ್ಪೀಕರ್ ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಪುಡಿಯನ್ನು ತೆಳ್ಳಗೆ ಹರಡಿ ನಾಲ್ಕೈದು ಸಲ ಆಡಿಸಿದರೆ ಕವರ್ ತುಂಬ ಕಪ್ಪು ಮೀಸೆ. ಕವರ್ ಕಳಚಿದರೆ ಅಷ್ಟೂ ಉದುರುತ್ತದೆ. ಶಹಾಬಾದ್ ಕಲ್ಲಿನ ಪುಡಿಯಲ್ಲಿ ಈ ಕಾಟ ಇಲ್ಲ, ಆದರೆ ಧೂಳು ಜಾಸ್ತಿ, ಅಂಟಿನ ನೀರು ಹಾಲಾಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ಪುಡಿ ವ್ಯಾಗನ್‌ಗೆ ತುಕ್ಕಿನ ಬಣ್ಣ ಕೊಡಲು ಚೆನ್ನಾಗಿದೆ. ವ್ಯಾಪಾರವಾಗಿ ಮಾತ್ರ ಇದ್ಯಾವುದೂ ಗಿಟ್ಟಲಿಲ್ಲ: 60 ರೂಪಾಯಿ ಮಾಲಿಗೆ ಅದಕ್ಕಿಂತ ಹೆಚ್ಚು ಸಾಗಣೆ. ಈಗ ಪಾರ್ಸೆಲ್ 500 ಗ್ರಾಂ ಸ್ಲ್ಯಾಬ್‌ಗಿಂತ ಕಡಿಮೆ ಇದ್ದರೆ ಉಳಿದ ತೂಕಕ್ಕೆ ಬ್ಯಾಲಸ್ಟ್ ಪುಕ್ಕಟೆ ಹಾಕುತ್ತೇನೆ. ಅದನ್ನು ಬಳಸಿದವರು ಮತ್ತೆ ಬರುತ್ತಾರೆ.

ಹಣದ ವ್ಯವಹಾರದಲ್ಲಿ ಕ್ಯಾಶ್ ಆನ್ ಡೆಲಿವರಿ ಬಿಟ್ಟೆ. ಬಾಗಿಲಲ್ಲಿ ಬೇಡ ಅಂದರೆ ಎರಡು ಕಡೆಯ ಸಾಗಣೆ ನಮ್ಮ ತಲೆಗೆ. 1,000 ಒಳಗಿದ್ದರೆ ಪೂರ್ತಿ ಮುಂಗಡ. ಮೇಲಿದ್ದರೆ ಅರ್ಧ ಯುಪಿಐನಲ್ಲಿ, ಪ್ಯಾಕಿಂಗ್ ವಿಡಿಯೋ ಕಳಿಸಿದ ಮೇಲೆ ಉಳಿದರ್ಧ. "ಅಣ್ಣಾರೆ, ಲಾಸ್ಟ್ ಎಷ್ಟಕ್ಕ ಕೊಡ್ತೀರಿ ಹೇಳ್ರಿ" ಅನ್ನೋರಿಗೆ ಬೆಲೆ ಇಳಿಸೋದಿಲ್ಲ, ಇನ್ನೊಂದು ಪೊಟ್ಟಣ ಸೇರಿಸಿದರೆ ಸಾಗಣೆ ನನ್ನದು ಅನ್ನುತ್ತೇನೆ. ಹತ್ತರಲ್ಲಿ ಆರೇಳು ಮಂದಿ ಒಪ್ಪುತ್ತಾರೆ. ಭಾರದ ಮಾಲನ್ನು, ಟ್ರಾನ್ಸ್‌ಫಾರ್ಮರ್ ಅಂಥದ್ದನ್ನು, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈ, ಬೆಂಗಳೂರು ಕಡೆ ಹೋಗುವ ಗೆಳೆಯರಿಗೆ ಪ್ಲಾಟ್‌ಫಾರ್ಮ್‌ನಲ್ಲೇ ಕೈಗೆ ಕೊಡುತ್ತೇನೆ. ಕೋಚ್ ನಂಬರ್ ಮೊದಲೇ ಕೇಳಿಟ್ಟುಕೊಳ್ಳಬೇಕು.

ಇದ್ದ ಹಾಗೇ ಇಟ್ಟರೆ ಹೋಗದ್ದು ಮೂರು: ಹಿತ್ತಾಳೆ ಹಳಿ, ಹಾರ್ನ್‌ಹುಕ್ ಅನ್ನೋ ಹಳೆ ಕಾಲದ ಕಪ್ಲರ್, ಪ್ಲಾಸ್ಟಿಕ್ ಚಕ್ರ. ಹಾರ್ನ್‌ಹುಕ್ ಯಾರೂ ಪುಕ್ಕಟೆ ಕೊಟ್ಟರೂ ಒಯ್ಯಲಿಲ್ಲ. ಪ್ಲಾಸ್ಟಿಕ್ ಚಕ್ರಗಳನ್ನು ಲೋಡ್ ಆಗಿ, ಫ್ಲ್ಯಾಟ್ ವ್ಯಾಗನ್ ಮೇಲೆ ಹೇರಲು, ತುಕ್ಕಿನ ಬಣ್ಣ ಬಳಿದು 16ರ ಸೆಟ್‌ಗೆ 120ರಂತೆ ಕಳಿಸುತ್ತಿದ್ದೇನೆ. ಹಿತ್ತಾಳೆ ಹಳಿಯ ಸ್ಲೀಪರ್ ಕಿತ್ತು ಗುಜರಿಯವನಿಗೆ ತೂಕಕ್ಕೆ ಹಾಕಿದೆ, ಮಾಡೆಲ್ ಬೆಲೆಗಿಂತ ಅಲ್ಲೇ ನಾಲ್ಕು ಕಾಸು ಹೆಚ್ಚು ಸಿಕ್ಕಿತು.